ಸಾವಿರಕ್ಕೆ ಏಳು

"ಸ್ವಲ್ಪ ಎಡಕ್ಕೆ, ಎಡಕ್ಕೆ! ಬಾಗಿಲಿಗೆ ತಗಲುತ್ತೆ!" ಎಂದು ಚಿಕ್ಕಪ್ಪ ಕೂಗುತ್ತಿದ್ದಾಗಲೇ ಮಗಳ ಕಣ್ಣು ಅಪ್ಪನ ಶವಪೆಟ್ಟಿಗೆಯಿಂದ ಜಾರಿ ಗೇಟಿನ ಕಡೆ ಹೋಯಿತು. ಅಲ್ಲಿ ತಕ್ಕಡಿ ನಿಂತಿದ್ದ.

ಬಣ್ಣದ ಕಾರ್ಖಾನೆಯಲ್ಲಿ ಕಲ್ಲಿದ್ದಲು ತೂಗುತ್ತಿದ್ದ ಗುಮಾಸ್ತನಿಗೆ ಅವರ ಮನೆಯಲ್ಲಿ ಇದ್ದದ್ದು ಅದೊಂದೇ ಹೆಸರು. ಇಪ್ಪತ್ತೆರಡು ವರ್ಷದ ಹಿಂದೆ ಅವನು ಬರೆದ ದೂರಿನಿಂದಲೇ ಅಪ್ಪ ಬಾಯ್ಲರ್ ಉರಿಸುವ ಕೆಲಸ ಬಿಟ್ಟು ಬೂದಿ ಎತ್ತುವ ಕೆಲಸಕ್ಕೆ ಇಳಿದದ್ದು. ಕಲ್ಲಿದ್ದಲು ಕಳ್ಳ ಎಂಬ ಹೆಸರು ಮಾತ್ರ ಕಾರ್ಖಾನೆಯಲ್ಲೇ ಉಳಿಯದೆ ಬೀದಿಯುದ್ದಕ್ಕೂ ನಡೆದು ಮನೆಗೆ ಬಂದಿತ್ತು.

"ಇವನ್ಯಾಕೆ ಬಂದ?" ಚಿಕ್ಕಪ್ಪ ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಹೆಣಾನೂ ತೂಕ ಹಾಕಿ ಕಳಿಸ್ತಾನೇನು?"

"ಸುಮ್ನಿರಿ ಚಿಕ್ಕಪ್ಪ, ಅಮ್ಮಂಗೆ ಕೇಳಿಸುತ್ತೆ."

"ಏನೋ ಮನಸ್ಸಲ್ಲಿಟ್ಕೊಂಡೇ ಬಂದಿರೋದು ಪುಟ್ಟಿ. ಅವನಿಗೆ ಬಾಯಿ ಬಿಡೋಕೆ ಬಿಡಬೇಡ."

ಅದನ್ನು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪನನ್ನು ಕಳ್ಳ ಎಂದವಳ ಜತೆ ಕೈಕೈ ಮಿಲಾಯಿಸಿ ಅವಳು ಶಾಲೆಯಲ್ಲಿ ಅರ್ಧ ಹಲ್ಲು ಮುರಿದುಕೊಂಡಿದ್ದಳು. ಈಗ ಅದೇ ಶಾಲೆಯಲ್ಲಿ ವಿಜ್ಞಾನದ ಟೀಚರು. ಇವತ್ತೊಂದು ದಿನವಾದರೂ ಆ ಮಾತು ಯಾರ ಬಾಯಿಂದಲೂ ಬರದೆ ಅಪ್ಪ ಹೋಗಬೇಕೆಂದು ಅವಳಿಗೆ ಹಟವಿತ್ತು.

ದಾರಿಯುದ್ದಕ್ಕೂ ಅವಳು ತಕ್ಕಡಿಯ ಮೇಲೆ ಒಂದು ಕಣ್ಣಿಟ್ಟೇ ಇದ್ದಳು. ಕೋಲೂರಿಕೊಂಡು ಹಿಂದೆ ಬರುತ್ತಿದ್ದವನು ಕಾರ್ಖಾನೆಯ ಇಬ್ಬರು ಹಳಬರ ಪಕ್ಕಕ್ಕೆ ಸೇರಿಕೊಂಡ. ಏನೋ ಹೇಳಿದ. ಅವರಿಬ್ಬರೂ ತಲೆಯೆತ್ತಿ ಇವಳ ಕಡೆ ನೋಡಿದರು. ಅವಳು ಅಮ್ಮನ ತೋಳು ಹಿಡಿದು ಹೆಜ್ಜೆ ಚುರುಕು ಮಾಡಿದಳು.

*

ಆ ಚಳಿಗಾಲ ಅವಳಿಗೆ ಹದಿನಾಲ್ಕು. ಒಳಕೋಣೆಯಲ್ಲಿ ಕಂಬಳಿ ಹೊದ್ದು ಗಟ್ಟಿಯಾಗಿ ಓದುತ್ತಿದ್ದಳು. ಅಪ್ಪ ಪಕ್ಕದಲ್ಲಿ ಕೂತು ಅವಳ ಮರಗಟ್ಟಿದ ಬೆರಳುಗಳನ್ನು ಉಜ್ಜುತ್ತಿದ್ದ. ಕೆಂಪು ನಕ್ಷತ್ರಕ್ಕಿಂತ ನೀಲಿ ನಕ್ಷತ್ರ ಹೆಚ್ಚು ಬಿಸಿ ಎಂಬಲ್ಲಿಗೆ ಬಂದಾಗ ಅವನು ಮೂಗು ಮುರಿದ.

"ಇದನ್ನ ಪುಸ್ತಕ ಹೇಳಬೇಕಾ? ಕೆಂಪಗಿದ್ರೆ ಬೆಂಕಿ ಇನ್ನೂ ಎದ್ದಿಲ್ಲ ಅಂತ. ಬೆಳ್ಳಗಾದ್ರೆ ಹತ್ರ ನಿಲ್ಲೋಕಾಗಲ್ಲ."

"ಸೂರ್ಯನೂ ಒಂದು ನಕ್ಷತ್ರನೇ ಅಪ್ಪ."

ಬಾಯ್ಲರಿನ ಒತ್ತಡ ತೋರಿಸುವ ಮುಳ್ಳನ್ನೂ ಎರಡು ಸಲ ತಟ್ಟದೆ ನಂಬುವ ಜಾತಿಯಲ್ಲ ಅವನು. "ಇರಲಿ. ಅದಕ್ಕೆ ಕಲ್ಲಿದ್ದಲು ಹಾಕೋರು ಯಾರು?"

"ಕಲ್ಲಿದ್ದಲಾಗಿದ್ರೆ ಕೆಲವು ಸಾವಿರ ವರ್ಷಕ್ಕೇ ಬೂದಿಯಾಗಿರೋದು. ಅದರ ಹೊಟ್ಟೇಲಿ ವಿಪರೀತ ಬಿಸಿ, ವಿಪರೀತ ಒತ್ತಡ. ನಾಲ್ಕು ಹೈಡ್ರೋಜನ್ ಸೇರಿ ಒಂದು ಹೀಲಿಯಂ ಆಗುತ್ತೆ. ಆದ್ರೆ ಸೇರಿದ್ಮೇಲೆ ತೂಕ ಸ್ವಲ್ಪ ಕಡಿಮೆ."

"ಕಡಿಮೆನಾ? ಹಾಗಾದ್ರೆ ಮೊದಲು ಗೇಟ್ ಕಾಯೋನನ್ನ ಹಿಡೀಬೇಕು!"

"ಕಳ್ಳತನ ಅಲ್ಲಪ್ಪ! ಆ ಕಡಿಮೆಯಾದದ್ದೇ ಬಿಸಿಲಾಗಿ ನಮ್ಮ ಹತ್ರ ಬರೋದು."

"ಎಷ್ಟು ಕಡಿಮೆ?"

"ಸಾವಿರ ಕೆಜಿಗೆ ಏಳು."

ಉಜ್ಜುತ್ತಿದ್ದ ಕೈ ನಿಂತಿತು. "ಬರೀ ಏಳಾ? ಅದನ್ನ ಯಾರೂ ಕೇಳಲ್ವಾ?" ಎಂದ. ಅವಳು ಬಿದ್ದು ಬಿದ್ದು ನಕ್ಕಳು.

ಮುಂದಿನ ವಾರದಿಂದ ಒಳಕೋಣೆಯ ಕಬ್ಬಿಣದ ಒಲೆ ಉರಿಯತೊಡಗಿತು. ಬೂದಿಯಲ್ಲಿ ಆರಿಸಿದ ಅರೆಸುಟ್ಟ ಕಲ್ಲಿದ್ದಲ ಚೂರು ಎಂದ ಅಪ್ಪ. ಅವಳು ನಂಬಿದಳು. ಮರುವರ್ಷ ದೂರು ಬಂತು. ವಿಚಾರಣೆಯಲ್ಲಿ ಅವನು ಬಾಯಿಗೆ ಬೀಗ ಹಾಕಿಕೊಂಡು ನಿಂತನಂತೆ. ಸಾಕ್ಷಿ ಸಿಗಲಿಲ್ಲ, ಅನುಮಾನಕ್ಕೇ ಶಿಕ್ಷೆಯಾಯಿತು. ಅಪ್ಪ ಬೂದಿ ಎತ್ತಲು ಹೋದ, ಮನೆಯ ಒಲೆ ಆರಿತು. ದಿನವಿಡೀ ಬೂದಿಯಲ್ಲೇ ಇರುವವನಿಗೆ ಒಂದು ಚೂರೂ ಸಿಗದೆ ಹೋದದ್ದು ಹೇಗೆ ಎಂದು ಅವಳು ಕೇಳಲಿಲ್ಲ. ಕೇಳಬಾರದೆಂದು ಯಾರೂ ಹೇಳಿರಲೂ ಇಲ್ಲ.

*

ಪೆಟ್ಟಿಗೆ ಗುಂಡಿಗೆ ಇಳಿಯುವ ಹೊತ್ತಿಗೆ ತಕ್ಕಡಿ ಅವಳ ಪಕ್ಕಕ್ಕೇ ಬಂದುಬಿಟ್ಟಿದ್ದ.

"ಅಮ್ಮಾ, ಒಂದು ಮಾತು."

"ಇವತ್ತೂ ಬಿಡಲ್ವಾ ನೀವು?"

"ತಪ್ಪು ನಂದೇ ತಾಯಿ. ಅದನ್ನ ಹೇಳೋಕೇ ಬಂದೆ." ಮುದುಕ ಎರಡೂ ಕೈಯನ್ನು ಕೋಲಿನ ಮೇಲಿಟ್ಟ. "ದಿನಾ ಒಂದು ಟನ್ ತೂಗಿ ಕಳಿಸ್ತಿದ್ದೆ. ಬಾಯ್ಲರ್ ಹತ್ರ ಮತ್ತೆ ತೂಗಿದ್ರೆ ಕಡಿಮೆ. ಕೋಪದಲ್ಲಿ ದೂರು ಬರೆದೆ. ರಿಟೈರ್ ಆದ್ಮೇಲೆ ಕೂತು ಯೋಚನೆ ಮಾಡ್ದೆ. ದಿನಾ ಏಳೇ ಕೆಜಿ ಅಮ್ಮಾ. ಆರಲ್ಲ, ಎಂಟಲ್ಲ. ಯಾವ ಕಳ್ಳ ಹಾಗೆ ಅಳೆದು ಕದೀತಾನೆ? ಕೈಗೆ ಸಿಕ್ಕಷ್ಟು ಬಾಚ್ಕೋತಾನೆ. ನನ್ನ ತಕ್ಕಡಿನೇ ಕೆಟ್ಟಿತ್ತು. ಏನೂ ಮಾಡದೋನನ್ನ ಕಳ್ಳ ಮಾಡ್ಬಿಟ್ಟೆ."

ಟನ್ನಿಗೆ ಏಳು, ಸಾವಿರಕ್ಕೆ ಏಳು. ಆ ವರ್ಷವೆಲ್ಲ ಬೆಚ್ಚಗಿದ್ದ ಕೋಣೆ, ಸೆಟೆಯದೆ ಬರೆಯುತ್ತಿದ್ದ ಬೆರಳು, ಮೊದಲ ದರ್ಜೆಯಲ್ಲಿ ಪಾಸಾದ ಪರೀಕ್ಷೆ. ಸೂರ್ಯನನ್ನು ಯಾರೂ ಕೇಳದಷ್ಟನ್ನೇ ಅಪ್ಪ ದಿನಾ ತೂಗಿ ತಂದಿದ್ದ, ಒಂದು ಹಿಡಿ ಹೆಚ್ಚಿಗೆ ಮುಟ್ಟಿರಲಿಲ್ಲ. ಅಪ್ಪನ ಮೇಲೆ ಸಿಟ್ಟು ಬಂತು. ಅದರ ಬೆನ್ನಿಗೇ, ಅವನು ಸತ್ತ ಎರಡು ದಿನದಲ್ಲಿ ಬಾರದಿದ್ದ ಅಳು ಬಂತು.

ಚಿಕ್ಕಪ್ಪನ ಕಿವಿ ನಿಮಿರಿತ್ತು. "ಏನಂದ್ರಿ? ತಪ್ಪು ನಿಮ್ದಾ? ಗಟ್ಟಿಯಾಗಿ ಹೇಳಿ ಯಜಮಾನ್ರೇ! ಎಲ್ಲರೂ ಕೇಳ್ಲಿ, ನಮ್ಮಣ್ಣ ಚಿನ್ನ ಅಂತ!"

ಜನ ತಿರುಗಿದರು. ಮುದುಕ ಕೋಲನ್ನು ಗಟ್ಟಿಯಾಗಿ ಊರಿ ಬಾಯಿ ತೆರೆದ. ಅವಳು ಸುಮ್ಮನಿದ್ದರೆ ಸಾಕಿತ್ತು, ಅಪ್ಪನ ಹೆಸರು ತೊಳೆದ ತಟ್ಟೆಯಂತೆ ಆಗುತ್ತಿತ್ತು. ಅವಳು ಮುದುಕನ ತೋಳು ಹಿಡಿದು ಪಕ್ಕಕ್ಕೆ ಕರೆದಳು.

"ಬೇಡಿ, ಹೇಳ್ಬೇಡಿ. ನಿಮ್ಮ ತಕ್ಕಡಿ ಸರಿಯಾಗೇ ಇತ್ತು."

ಮುದುಕ ಅವಳನ್ನು ಅನುಮಾನದಿಂದ ನೋಡಿದ. ಕರುಣೆಗೆ ಹೇಳುತ್ತಿದ್ದಾಳೋ ಎಂದು ಮುಖವನ್ನೆಲ್ಲ ತಡಕಿದ.

"ಮತ್ತೆ ಏಳೇ ಯಾಕೆ?"

"ನಾನೇ ಹೇಳಿಕೊಟ್ಟಿದ್ದೆ, ನನಗೇ ಗೊತ್ತಿಲ್ಲದೆ. ಆ ವರ್ಷ ತುಂಬಾ ಚಳಿ ಇತ್ತು."

ಮುದುಕ ಜನರ ಕಡೆ ತಿರುಗಿ ಏನೂ ಇಲ್ಲವೆಂದು ಕೈಯಾಡಿಸಿದ. ಅಮ್ಮ ಮಣ್ಣು ಹಾಕಿದಳು, ಚಿಕ್ಕಪ್ಪ ಹಾಕಿದ, ಅವಳು ಹಾಕಿದಳು. ಆಮೇಲೆ ಅವಳೇ ಮುದುಕನನ್ನು ಗುಂಡಿಯ ಅಂಚಿಗೆ ನಡೆಸಿಕೊಂಡು ಹೋದಳು. ಅವನು ಕೋಲನ್ನು ಅವಳ ಕೈಗೆ ಕೊಟ್ಟು ಒಂದು ಹಿಡಿ ಮಣ್ಣು ತೆಗೆದುಕೊಂಡ. ಅಂಗೈಯನ್ನು ಎರಡು ಸಲ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ ತೂಗಿದ. ಮತ್ತೆ ಬಗ್ಗಿ, ಒಂದು ಚಿಟಿಕೆ ಕೊಸರು ಸೇರಿಸಿ, ಗುಂಡಿಗೆ ಹಾಕಿದ.