ಪಕ್ಕದ ಸೀಟಿನವರ ಹೆಸರು

ರವೆ ಹುರಿಯೋ ವಾಸನೆ ಈಗ ಹದವಾಗಿದೆ, ಇನ್ನೊಂಚೂರು ಬಿಟ್ರೆ ಸೀಯುತ್ತೆ, ಸೀದ್ರೆ ಸೀಯ್ಲಿ ಅಂದ್ಕೊಂಡ ಏಕಾಂತಯ್ಯ, ಭುಜಕ್ಕೂ ಕಿವಿಗೂ ಮಧ್ಯೆ ಅಡುಗೆಮನೆ ಫೋನು ಸಿಕ್ಸಿ, ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈ ಫೋನಿನ ಬಾಯಿಗೆ ಅಡ್ಡ, ಇವನ ಉಸಿರು ಆ ಕಡೆ ಕೇಳಬಾರದು—ಫೋನಿನೊಳಗೆ ಯಾವನೋ ಪಿಯಾನೋ ಕುಟ್ತಾನೇ ಇದಾನೆ, ಅವನಿಗೂ ತಿಂಡಿ ಆಗಿಲ್ವೇನೋ—ಹಾಲ್‌ನಲ್ಲಿ ಹೆಂಡತಿ ನೀಲಾಂಬಿಕಾ, ಅದೇ ಲೈನಿನ ಇನ್ನೊಂದು ಫೋನ್ ಹಿಡ್ಕೊಂಡು ಸೋಫಾ ತುದೀಲಿ ಕೂತವಳು ಸುರುಳಿ ವೈರನ್ನ ತೋರುಬೆರಳಿಗೆ ಸುತ್ತುತಾ ಇದಾಳೆ, ಒಂದು ಸುತ್ತು, ಇನ್ನೊಂದು ಸುತ್ತು, ಬೆರಳ ತುದಿ ಆಗಲೇ ಕೆಂಪಗಾಗಿದೆ, ಮದುವೆ ದಿನವೂ ಹೀಗೇ ಸೆರಗಿನ ತುದಿ ಸುತ್ಕೊಂಡಿದ್ದಳು, ಅವತ್ತೂ ಅದೇ ಬೆರಳು. ಪುಕ್ಕಟೆ ಟಿಕೆಟ್ಟಿಗೆ ಅಂತ ವಿಮಾನ ಕಂಪನಿಯವರು ಕೊಡೋ ಪಾಯಿಂಟ್ಸೆಲ್ಲ ಅವಳದು. ಬೀಜದ ಕಂಪನೀಲಿ ಆಡಿಟರು, ದೆಲ್ಲಿ ಅಂತೆ ಭೋಪಾಲ್ ಅಂತೆ, ಹಾರಿ ಹಾರಿ ಗುಡ್ಡೆ ಹಾಕಿದಾಳೆ, ನಾಳೆ ಕಳೆದ್ರೆ ಎಲ್ಲ ಸತ್ತುಹೋಗುತ್ತೆ. ಏಕಾಂತಯ್ಯ ಮಾಗಡಿ ರೋಡಲ್ಲಿ ಬೋರ್‌ವೆಲ್ ಪಂಪು ಮಾರೋನು, ಅವನ ವ್ಯವಹಾರ ಏನಿದ್ರೂ ನೆಲದೊಳಗೆ, ವಿಮಾನ ಹತ್ತಿದೋನೇ ಅಲ್ಲ, ಹಾಗಂತ ಬಸವೇಶ್ವರನಗರದಲ್ಲಿ ಯಾರಿಗೂ ಗೊತ್ತಿಲ್ಲ, ಗೂಳಪ್ಪನ ಹೋಟ್ಲಲ್ಲಿ ಎಲ್ರಿಗೂ ಗೊತ್ತಿರೋದು ಅರಬ್ಬಿ ಸಮುದ್ರದ ಮೇಲೆ ಪೈಲಟ್ಟು ಒಂದ್ನಿಮಿಷ ಹಿಡ್ಕೊಳ್ಳಿ ಸಾರ್ ಅಂತ ಸ್ಟೇರಿಂಗ್ ಕೊಟ್ಟು ಮೊಸರನ್ನ ತಿನ್ನೋಕೆ ಹೋಗಿದ್ದು, ವಾಪಸ್ ಬರೋಷ್ಟರಲ್ಲಿ ಇವನು ಗಾಡೀನ ಮಸ್ಕತ್ ದಾಟಿಸಿದ್ದು, ಹಾರನ್ ಎಲ್ಲಿದೆ ಅಂತ ಮಾತ್ರ ಕೊನೇವರೆಗೂ ಗೊತ್ತಾಗದೇ ಇದ್ದಿದ್ದು. ಗೂಳಪ್ಪ ಚಟ್ನಿ ಬಡಿಸ್ತಾ, ಹೌದಾ ಸ್ವಾಮಿ, ಗೇರು ಎಷ್ಟಿತ್ತು ಅಂತಾನೆ. ನಾಲ್ಕು, ರಿವರ್ಸು ಬೇರೆ.

ನೀಲಾಂಬಿಕಾಗೆ ಬೇಕಿರೋದು ಪೆಂಗ್ವಿನ್ನು. ಟೀವೀಲಿ ನೋಡಿದ್ದಳು, ಮೆಲ್ಬರ್ನ್ ಹತ್ರ ಸಂಜೆ ಹೊತ್ತು ಸಮುದ್ರದಿಂದ ಸಾಲಾಗಿ ಮನೆಗೆ ಬರ್ತವೆ, ಥೇಟು ಧಾರವಾಡ ಕೋರ್ಟಿನ ವಕೀಲರು ಕೇಸು ಸೋತು ಬಂದಂಗ ಅಂತ ನಕ್ಕಿದ್ದಳು, ಒಂದು ಸಲ ಕಣ್ಣಾರೆ ನೋಡಬೇಕ್ರಿ ಅಂದಿದ್ದಳು, ಅದೊಂದೇ ಅವಳು ಕೇಳಿರೋದು, ಇವನು ಸುಮ್ಮನಿರಬೇಕಿತ್ತು, ಅದೇನ್ ಮಹಾ, ಬಿನ್ನಿಪೇಟೆ ಐಸ್ ಫ್ಯಾಕ್ಟರೀಲಿ ಒಂದು ಪೆಂಗ್ವಿನ್ನು ಮೂರು ತಿಂಗಳು ಸೂಪರ್‌ವೈಸರ್ ಆಗಿತ್ತು, ಯೂನಿಯನ್‌ನವರು ಉಳಿಯೋಕೆ ಬಿಡಲಿಲ್ಲ ಅಂದ. ನಂಬೋ ಹೆಂಗಸಾ ಅವಳು, ಕಂಪನೀಲಿ ಒಂದು ಚೀಲ ಜೋಳ ಹೆಚ್ಚುಕಮ್ಮಿ ಆದ್ರೂ ಹಿಡಿಯೋಳು. ಪಿಯಾನೋ ನಿಂತಿತು. ಫೋನಿನ ಹುಡುಗಿ, ರಾಗಿಣಿ ಅಂತೆ ಹೆಸರು, ಥ್ಯಾಂಕ್ಯೂ ಫಾರ್ ಹೋಲ್ಡಿಂಗ್ ಮ್ಯಾಮ್, ಬೆಂಗಳೂರಿಂದ ಮುಂಬೈ, ಮುಂಬೈಯಿಂದ ಹಾಂಗ್‌ಕಾಂಗ್, ಹಾಂಗ್‌ಕಾಂಗಿಂದ ಮೆಲ್ಬರ್ನ್, ಈ ದಾರೀಲಿ ಮಾತ್ರ ಎರಡು ಸೀಟ್ ಇದೆ ಅಂತಾಳೆ—ಮೆಲ್ಬರ್ನ್ ಕೆಳಗಿದ್ಯಲ್ಲಮ್ಮ ಮೇಲ್ಯಾಕೆ ಹೋಗ್ಬೇಕು, ರಾಜಾಜಿನಗರದಿಂದ ವಿಜಯನಗರಕ್ಕೆ ಕೆಂಗೇರಿ ಮೇಲೆ ಹೋದಂಗಾಯ್ತು, ಪುಕ್ಕಟೆ ಬಸ್ಸು ಊರೆಲ್ಲಾ ಸುತ್ತುತ್ತೆ ಬಿಡು, ಸುತ್ತಲಿ, ಅಷ್ಟು ಹೊತ್ತು ಜಾಸ್ತಿ ಪಕ್ಕದಲ್ಲಿ ಕೂರಬಹುದು—ಆಗ ಹುಡುಗಿ ಕೇಳಿದಳು, ಜೊತೇಲಿ ಬರೋರ ಹೆಸರು ಹೇಳಿ ಮ್ಯಾಮ್.

ಸೌಟು ನಿಂತಿತು. ವೈರು ಇನ್ನೊಂದು ಸುತ್ತು. ನಮ್ಮನಿಯವ್ರು ಅಂದಳು ನೀಲಾಂಬಿಕಾ. ಹೆಸರು ಮ್ಯಾಮ್. ಅವರ ಹೆಸರಾ. ಹೂಂ ಮ್ಯಾಮ್. ಗಂಡನ ಹೆಸರು ಬಾಯಲ್ಲಿ ಹೇಳಿದ್ರೆ ಅವನ ಆಯುಸ್ಸು ಸವೆಯುತ್ತೆ ಅಂತ ಅವಳಜ್ಜಿ ಅಕ್ಕವ್ವ ಹೇಳ್ಕೊಟ್ಟಿದ್ದು, ಅಜ್ಜಿ ಬೆಲ್ಲ ಕೊಟ್ಟು ಹೇಳಿದ್ದನ್ನ ಆಡಿಟರಮ್ಮ ಇವತ್ತಿಗೂ ಮೀರಿಲ್ಲ, ಬರೆಯೋಕೆ ಅಡ್ಡಿ ಇಲ್ಲ, ಬ್ಯಾಂಕಲ್ಲಿ ರೇಷನ್ ಕಾರ್ಡಲ್ಲಿ ಬರೀತಾಳೆ, ಬಾಯಲ್ಲಿ ಮಾತ್ರ ಏನ್ರಿ, ಇವರು, ನಮ್ಮನಿಯವ್ರು, ಒಂದ್ಸಲ ವಿಜಯನಗರ ಮಾರ್ಕೆಟ್ ಜನದೊಳಗೆ ಇವನು ಕಳೆದುಹೋದಾಗ ಹೂವಿನ ಲಕ್ಷ್ಮಿದೇವಮ್ಮನ ಕೈಲಿ ಕೂಗಿಸಿದ್ದಳು. ಮದುವೇಲಿ ಹೇಳಿದ್ದಳಂತೆ, ಅವರ ಕಡೆ ಪದ್ಧತಿ, ಹೊಸಿಲಲ್ಲಿ ಅಡ್ಡ ಹಾಕಿ ಹೇಳಿಸ್ತಾರೆ, ಒಡಪು ಅಂತಾರೆ, ಹೆಸರನ್ನ ನಾಲ್ಕು ಸಾಲಿನ ಪದ್ಯದಲ್ಲಿ ಸುತ್ತಿಟ್ಟು ಹೇಳಿದ್ರೆ ಆಯುಸ್ಸಿಗೆ ಏನೂ ಆಗಲ್ಲ, ಸೆರಗು ಬೆರಳಿಗೆ ಸುತ್ಕೊಂಡಳು, ತುಟಿ ಅಲ್ಲಾಡ್ತು, ಸರಿಯಾಗಿ ಅದೇ ಗಳಿಗೇಲಿ ಬ್ಯಾಂಡಿನ ಅಂಜಿನಯ್ಯ ತುತ್ತೂರಿ ಊದಿಬಿಟ್ಟ, ಇಡೀ ಛತ್ರ ನಕ್ಕಿತು, ಇವನಿಗೆ ಮಾತ್ರ ಕೇಳಲಿಲ್ಲ. ಅವತ್ತಿಂದ ಕಾಯ್ತಾ ಇದಾನೆ. ಹೋಟ್ಲಲ್ಲಿ ಮಾತ್ರ, ಅಯ್ಯೋ ನಮ್ಮವಳು ಬೆಳಿಗ್ಗೆದ್ದು ನನ್ನ ಹೆಸರು ಕೂಗಿದ್ರೆ ನಂದಿನಿ ಲೇಔಟಿನಲ್ಲಿ ಕೋಳಿ ಏಳ್ತವೆ. ಗೂಳಪ್ಪ ಅಂತಾನೆ, ನಾವಿರೋದು ಎದುರು ಮನೇಲಿ ಸ್ವಾಮಿ, ನಮ್ಮ ಕೋಳಿ ಎದ್ದಿಲ್ವಲ್ಲ.

ಸ್ಪೆಲ್ಲಿಂಗ್ ಹೇಳ್ತೀನಿ ಬರ್ಕೊಳ್ರಿ, ಇ ಫಾರ್ ಎಲಿಫೆಂಟ್, ಕೆ ಫಾರ್ ಕೆಂಗೇರಿ—ಎಷ್ಟು ದೂರ ಇದೆ ನನ್ನ ಹೆಸರು, ಆನೆ ಹತ್ತಿ ಕೆಂಗೇರಿಗೆ ಹೋಗಿ ಬರಬೇಕು—ಬರ್ಕೊಂಡೆ ಮ್ಯಾಮ್, ಆದ್ರೆ ರೆಕಾರ್ಡಿಂಗಿಗೆ ಪೂರ್ತಿ ಹೆಸರು ನಿಮ್ಮ ಬಾಯಲ್ಲೇ ಹೇಳ್ಬೇಕು, ಇಲ್ದಿದ್ರೆ ಸಿಸ್ಟಮ್ ಸೀಟ್ ಬಿಟ್ಟುಬಿಡುತ್ತೆ. ಹೋಯ್ತು ಪೆಂಗ್ವಿನ್ನು. ತಡೆಯೋಕಾಗಲಿಲ್ಲ, ಕೈ ತೆಗೆದೇಬಿಟ್ಟ, ಹಲೋ ಮೇಡಂ, ನಾನೇ ಅದು, ಏಕಾಂತಯ್ಯ, ವಿಮಾನದೋರಿಗೆಲ್ಲ ನನ್ನ ಪರಿಚಯ ಇದೆ, ಸ್ಟೇರಿಂಗ್ ಕೂಡ—ಸಾರ್ ಯಾರು ನೀವು, ಮೆಂಬರ್ ಬಿಟ್ಟು ಬೇರೆಯವರು ಮಾತಾಡಿದ್ರೆ ಕಾಲ್ ಕಟ್ ಮಾಡ್ಬೇಕಾಗುತ್ತೆ. ಹಾಲ್‌ನಿಂದ ನೀಲಾಂಬಿಕಾ ಒಂದು ನೋಟ ನೋಡಿದಳು, ಭೋಪಾಲಿನಲ್ಲಿ ಗೋಡೌನಿನವರು ನೋಡಿರೋ ನೋಟ ಅದು, ಏಕಾಂತಯ್ಯನ ಅಂಗೈ ವಾಪಸ್ ಫೋನಿನ ಬಾಯಿಗೆ ಹೋಯ್ತು, ಜೀವಮಾನದಲ್ಲಿ ಒಂದೇ ಸಲ ನಿಜ ಹೇಳಿದ, ನಡೀಲಿಲ್ಲ. ಆ ಕಡೆ ಹುಡುಗಿ ಇಂಗ್ಲಿಷು ಮ್ಯಾಮು ಎಲ್ಲ ಪಕ್ಕಕ್ಕಿಟ್ಟು ಮೆಲ್ಲಗೆ, ಅಕ್ಕಾರ, ನಮ್ಮಜ್ಜಿನೂ ಹಿಂಗ ಮಾಡತಿದ್ಲು, ಒಡಪು ಹಾಕಿ ಹೇಳಿಬಿಡ್ರಿ, ಅದರಾಗ ಹೆಸರು ಬಂದ್ರ ಸಾಕು ನಮಗ.

ವೈರು ಬಿಗಿ, ಬೆರಳು ಕೆಂಪು, ರವೆ ಸೀಯ್ತಾ ಇದೆ, ಬೀದೀಲಿ ಹಳೇ ಪೇಪರ್‌ನವನು ಕೂಗ್ತಾ ಬರ್ತಿದಾನೆ, ಅಣ್ಣಾ ಸ್ವಲ್ಪ ತಡಿಯೋ, ಇನ್ನೊಬ್ಬ ಅಂಜಿನಯ್ಯ ಆಗಬೇಡ್ವೋ, ತಡೀತಾನೆ, ಯಾರದೋ ಗೇಟಿನ ಹತ್ರ ತಕ್ಕಡಿ ಇಳಿಸ್ತಾನೆ—ಹೂಂ, ಕೇಳ್ರಿ ಅಂದಳು ನೀಲಾಂಬಿಕಾ, ಬೆಂಗಳೂರಿಗೆ ಬಂದಮೇಲೆ ಮಡಚಿಟ್ಟಿದ್ದ ತವರಿನ ದನಿ ಬಿಚ್ಕೊಂಡು, ಹಾರೂ ವಿಮಾನಕ್ಕ ಎರಡು ರೆಕ್ಕಿ, ಕೋಟು ಹಾಕ್ಕೊಂಡು ನಡೀತೈತಿ ಹಕ್ಕಿ, ಕಿಟಕಿ ನನಗಿರಲಿ, ಅವರಿರಲಿ ಪಕ್ಕ, ಏಕಾಂತಯ್ಯನವರ ಹೆಸರು ಹೇಳ್ತೀನಿ, ಬರಕೊಳ್ರಿ ಪಕ್ಕಾ. ಪಕ್ಕಾ ಅಕ್ಕಾರ, ಎರಡೂ ಸೀಟು ಪಕ್ಕಾ ಅಂತಾಳೆ ಹುಡುಗಿ, ನಗ್ತಾ ಇದಾಳೆ, ಮುಂಬೈ ಅಂತಾಳೆ, ಹಾಂಗ್‌ಕಾಂಗ್ ಅಂತಾಳೆ, ಏಕಾಂತಯ್ಯನ ಕಿವಿಗೆ ಒಂದೂ ಹೋಗ್ತಿಲ್ಲ, ಏಕಾಂತಯ್ಯ, ಎಷ್ಟು ಉದ್ದ ಇದೆ ಈ ಹೆಸರು, ಎಷ್ಟು ಚೆನ್ನಾಗಿದೆ, ಯಾರಿಟ್ಟರೋ, ನಾಳೆ ಗೂಳಪ್ಪನಿಗೆ ಏನು ಹೇಳೋದು, ನಿಜ ಹೇಳಿದ್ರೆ ಅವನು ನಂಬಲ್ಲ, ಸುಳ್ಳು ಹೇಳೋಣ ಅಂದ್ರೆ ಇದಕ್ಕಿಂತ ದೊಡ್ಡದು ಸಿಗ್ತಾ ಇಲ್ಲ, ಹುಡುಕ್ತಾನೆ, ಸಿಗ್ತಾ ಇಲ್ಲ—ನೀಲಾಂಬಿಕಾ ಫೋನಿಟ್ಟಳು, ಇವನ ಕಡೆ ನೋಡ್ತಾ ಇಲ್ಲ, ಕಿವಿ ಕೆಂಪಗಾಗಿದೆ, ರವಾ ಸೀದೈತಿ ನೋಡ್ರಿ ಅಂದಳು, ವೈರು ಬಿಚ್ಕೊಳ್ತಾ ಇದೆ, ಒಂದು ಸುತ್ತು, ಇನ್ನೊಂದು ಸುತ್ತು, ಬೆರಳ ಮೇಲೆ ಸುರುಳಿ ಕೂತ ಕೆಂಪು ಗೆರೆ, ಉಂಗುರ ಉಂಗುರ, ಅದೇ ಬೆರಳು, ಕೆಂಪು ಗೆರೆ—