ಐದನೆಯ ಬ್ಯಾಂಕು

ಕೊಪ್ಪದ ಪುಟ್ಟಸ್ವಾಮಿಯ ಕಿಡ್ನಿಯಿಂದ ಕಲ್ಲು ತೆಗೆಸಿದ ಖರ್ಚು ಎಂಬತ್ತು ಸಾವಿರವನ್ನು ಮಗ ಪ್ರಸನ್ನ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದ. ಕಲ್ಲು ಹೋಯಿತು, ಸಾಲ ಕೂತಿತು. ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ. ಮದ್ದೂರಿನ ಕಾಲೇಜೊಂದರ ಗುಮಾಸ್ತ ಪ್ರಸನ್ನ ಕಟ್ಟುತ್ತಿದ್ದ ನಾಲ್ಕು ಸಾವಿರದಲ್ಲಿ ಬಹುಪಾಲು ಅದರ ಬಾಯಿಗೇ ಹೋಗುತ್ತಿತ್ತು.

ಈ ಬಾಕಿಯನ್ನು ಕಡಿಮೆ ಬಡ್ಡಿಗೆ ಇನ್ನೊಂದು ಬ್ಯಾಂಕಿನ ಕಾರ್ಡಿಗೆ ವರ್ಗಾಯಿಸಬಹುದೆಂದು ತಿಳಿದದ್ದೇ, ನಲವತ್ತು ವರ್ಷ ಮಂಡ್ಯದ ಮಂಡಿಗಳಿಗೆ ಬೆಲ್ಲ ಹಾಕಿದ್ದ ಪುಟ್ಟಸ್ವಾಮಿ ತಾನೇ ಹೊರಟ.

"ಐದು ಮಂಡೀಲಿ ಕೇಳ್ದೆ ಗಾಡಿಯಿಂದ ಒಂದಚ್ಚು ಬೆಲ್ಲ ಇಳಿಸ್ಬಾರ್ದು ಕಣ್ಲಾ."

ಮೊದಲ ಬ್ಯಾಂಕು ಅರ್ಜಿ ತುಂಬಿಸಿಕೊಂಡು ಒಂದೂವರೆ ಬಡ್ಡಿಗೆ ಒಪ್ಪಿಯೇಬಿಟ್ಟಿತು. ಒಪ್ಪಿಗೆಯ ಸಹಿಗೆ ಪ್ರಸನ್ನ ಪೆನ್ನು ತೆಗೆದ. ಪುಟ್ಟಸ್ವಾಮಿ ಅವನ ಮೊಣಕೈ ಹಿಡಿದು ಎಬ್ಬಿಸಿದ. ಮೊದಲ ಬೆಲೆಗೆ ಒಪ್ಪುವವನನ್ನು ಬೆಲ್ಲದವರು ಗಂಡಸೆಂದು ಲೆಕ್ಕಕ್ಕಿಡುವುದಿಲ್ಲ. ಎರಡನೆಯದು ಮೂರು ತಿಂಗಳು ಬಡ್ಡಿ ಬೇಡ, ಆಮೇಲೆ ಹಳೇ ದರ ಎಂದಿತು. ಮೂರು, ನಾಲ್ಕರಲ್ಲಿ ಬಡ್ಡಿಗಿಂತ ಶುಲ್ಕವೇ ದಪ್ಪ. ಎಲ್ಲ ಕಡೆಯೂ ಅರ್ಜಿ, ಎಲ್ಲ ಅರ್ಜಿಗೂ ಪ್ರಸನ್ನನ ಸಹಿ.

ಐದನೆಯದರಲ್ಲಿ ಚಿತ್ರಾ ಎಂಬ ಅಧಿಕಾರಿ. ಅಲ್ಲಿ ಆರು ತಿಂಗಳು ಬಡ್ಡಿಯೇ ಇಲ್ಲ. ಒಂದೇ ಸಲ ಸಾವಿರದ ಆರುನೂರು ಶುಲ್ಕ. ಪುಟ್ಟಸ್ವಾಮಿ ಮಗನನ್ನು ನೋಡಿ ಮೀಸೆಯಲ್ಲೇ ನಕ್ಕ.

ಚಿತ್ರಾ ಪ್ರಸನ್ನನ ಪ್ಯಾನ್ ನಂಬರು ಹಾಕಿ ಕಂಪ್ಯೂಟರು ನೋಡಿದಳು. "ಹತ್ತು ದಿನದಲ್ಲಿ ನಾಲ್ಕು ಬ್ಯಾಂಕಲ್ಲಿ ಅರ್ಜಿ ಹಾಕಿದೀರಲ್ಲ ಸಾರ್?"

"ಊಂ ಕಣಮ್ಮ. ಇಚಾರಿಸ್ದೆ ಯಾರಾದ್ರೂ ಯಾಪಾರ ಮಾಡ್ತಾರಾ?"

"ಪ್ರತಿ ಅರ್ಜಿನೂ ದಾಖಲಾಗುತ್ತೆ ಯಜಮಾನರೇ. ಇಷ್ಟು ಕಡೆ ಕೇಳಿದ್ರೆ ದುಡ್ಡಿಗೆ ಪರದಾಡ್ತಿದ್ದಾರೆ ಅಂತ ಅರ್ಥ. ನಿಮ್ಮ ಮಗನ ಕ್ರೆಡಿಟ್ ಅಂಕ ಬಿದ್ದುಹೋಗಿದೆ. ನಮ್ಮಲ್ಲಿ ಆಗಲ್ಲ."

"ಕೇಳಿದ್ದೇ ತಪ್ಪಾ? ಕದ್ದಿದ್ದೀವಾ?"

"ಕದ್ದಿದ್ರೆ ಇದರಲ್ಲಿ ಬರ್ತಿರ್ಲಿಲ್ಲ," ಎಂದಳು ಚಿತ್ರಾ. ತಮಾಷೆಗಲ್ಲ.

ಪ್ರಸನ್ನ ಅಲ್ಲಿಂದಲೇ ಮೊದಲ ಬ್ಯಾಂಕಿಗೆ ಫೋನು ಮಾಡಿದ. ಅವರು ಮತ್ತೊಮ್ಮೆ ಅಂಕ ನೋಡಿ, ವಿಷಾದಿಸಿ, ಆರು ತಿಂಗಳು ಬಿಟ್ಟು ಬರಲು ಹೇಳಿದರು. ಆರು ತಿಂಗಳೆಂದರೆ ಬಡ್ಡಿಯೇ ಹದಿನೈದು ಸಾವಿರದ ಮೇಲೆ. ಅವನು ಲೆಕ್ಕವನ್ನು ಅಪ್ಪನಿಗೆ ಹೇಳಲಿಲ್ಲ.

"ಸುಮ್ನೆ ಮೊದಲ್ನೇದಕ್ಕೇ ಸಹಿ ಹಾಕಿಬಿಡ್ತಿದ್ದೆ ಅಪ್ಪ."

"ನಂಗೇನ್ಲಾ ಗೊತ್ತು, ಬ್ಯಾಂಕೋರು ಬೆಲ್ಲದೋರಿಗಿಂತ ಸೂಕ್ಷ್ಮ ಅಂತ? ಬುಡು, ನಾನು ಸರಿ ಮಾಡ್ತೀನಿ."

ಪ್ರಸನ್ನ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿಕೊಂಡು ಹೊರಗೆ ಬರುವಷ್ಟರಲ್ಲಿ ಪುಟ್ಟಸ್ವಾಮಿ ರಸ್ತೆ ದಾಟಿಯಾಗಿತ್ತು. ಎದುರಿನ ಆರನೆಯ ಬ್ಯಾಂಕಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದವನಿಗೆ ಮಗನ ಹೆಸರು, ಫೋನ್ ನಂಬರು, ಪ್ಯಾನ್ ಕಾರ್ಡಿನ ಜೆರಾಕ್ಸು ಕೊಟ್ಟು, ಬಡ್ಡಿ ಎಷ್ಟು ಎಂದು ಕೇಳುತ್ತಿದ್ದ.