ಶನಿವಾರದ ಸಜ್ಜಿಗೆ

ತ್ರಿಪ್ಲಿಕೇನಿನ ಅಂಬುಜಮ್ಮನವರ ಮನೆಯಲ್ಲಿ ಒಂದೇ ಚಿಂತೆ. ಮೂರು ವರ್ಷದ ಮೊಮ್ಮಗಳು ನೀರಜಾಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಹೊಟ್ಟೆ ಉಬ್ಬರ, ಭೇದಿ, ಕೈಕಾಲು ಕಡ್ಡಿ. ಅದು ರೇಷನ್ನಿನ ಕಾಲ. ಅಕ್ಕಿ ಸಾಲದೆ ಮನೆಮನೆಗೂ ಗೋಧಿ ಬಂದಿತ್ತು. ಗೋಧಿ ತಿಂದರೆ ಗಟ್ಟಿಯಾಗುತ್ತಾಳೆಂದು ಎಲ್ಲರೂ ತಿನ್ನಿಸಿದ್ದೇ ತಿನ್ನಿಸಿದ್ದು.

ದೊಡ್ಡಾಸ್ಪತ್ರೆಯ ಡಾಕ್ಟರು ಮಗುವಿನ ಕರುಳನ್ನು ಪರೀಕ್ಷಿಸಿ, ಗೋಧಿ ಕೂಡದು ಎಂದರು. ಅಪ್ಪ ಕಮಲಾಕರ ಮನೆಗೆ ಬಂದವನೇ, "ಅಮ್ಮಾ, ಇನ್ಮೇಲೆ ಮಗೂಗೆ ಗೋಧಿ ಬೇಡ" ಎಂದು ಹೇಳಿ ಆಫೀಸಿಗೆ ಓಡಿದ. ಏಕೆಂದು ಹೇಳಲಿಲ್ಲ. ಮುದುಕರಿಗೆ ಏನು ತಿಳಿಯುತ್ತದೆ ಎಂಬ ಉಡಾಫೆ!

ಚಪಾತಿ ನಿಂತಿತು. ಮಗು ಸ್ವಲ್ಪ ಚೇತರಿಸಿಕೊಂಡಿತು. ಆಮೇಲೆ ಮತ್ತೆ ಹಾಸಿಗೆ ಹಿಡಿಯಿತು, ಈ ಸಲ ಅಳುವುದಕ್ಕೂ ಶಕ್ತಿಯಿಲ್ಲ. ತಾಯಿ ಜಯಲಕ್ಷ್ಮೀ ದಿಕ್ಕೆಟ್ಟು ಪಕ್ಕದ ಮನೆಯ ನರ್ಸ್ ವಿನೋದಾಳನ್ನು ಕರೆದಳು.

"ಗೋಧಿ ಏನಾದ್ರೂ ಕೊಟ್ರಾ?" ಎಂದಳು ವಿನೋದಾ.

"ಸತ್ಯವಾಗ್ಲೂ ಇಲ್ಲ ಕಣೇ."

"ನಾನೂ ಕೊಡಲಿಲ್ಲಮ್ಮ" ಎಂದರು ಅಂಬುಜಮ್ಮ. "ಚೂರು ಚೇತರಿಸ್ಕೊಂಡ್ಲಲ್ಲ, ಪೂರ್ತಿ ವಾಸಿ ಆಗೋ ತನಕ ಶನಿವಾರ ಅನ್ನ ಬಿಡ್ತೀನಿ ಅಂತ ಹರಕೆ ಹೊತ್ತೆ. ಶ್ರೀನಿವಾಸನಿಗೆ ರವೆ ಸಜ್ಜಿಗೆ ನೈವೇದ್ಯ. ಇವಳ ಬಾಯಿಗೆ ಒಂದು ಚಮಚ ಪ್ರಸಾದ, ಅಷ್ಟೇ."

"ಮಾಮೀ, ರವೆ ಅಂದ್ರೆ ಗೋಧೀನೇ ಅಲ್ವಾ!"

"ದೇವರ ಪ್ರಸಾದ ಕಣೇ! ಒಂದು ಚಮಚಕ್ಕೆ ಏನಾಗತ್ತೆ?"

ವಿನೋದಾ ಅವರ ಪಕ್ಕದಲ್ಲಿ ಕೂತಳು. "ಕರುಳಿನ ಒಳಗೆ ಮಕಮಲ್ಲಿನ ಹಾಗೆ ಸಣ್ಣ ಸಣ್ಣ ಎಳೆ ಇರತ್ತೆ ಮಾಮಿ. ಅನ್ನದ ಸಾರ ಹೀರೋದು ಅವೇ. ಹಾಲು ಜೀರ್ಣ ಮಾಡೋ ರಸ ಇರೋದೂ ಅಲ್ಲೇ. ಈ ಕಾಯಿಲೆ ಮಕ್ಕಳಿಗೆ ಗೋಧಿ ಬಿದ್ರೆ ಎಳೆ ಸವೆದುಹೋಗತ್ತೆ, ರಸ ಕಮ್ಮಿ ಆಗತ್ತೆ. ಆಮೇಲೆ ಹಾಲು ಕುಡಿದ್ರೂ ಭೇದಿ. ವಾರವೆಲ್ಲ ಗಾಯ ಮಾಯ್ತಾ ಬರತ್ತೆ, ಶನಿವಾರ ನೀವು ಮತ್ತೆ ಕೆರೀತೀರಿ."

ಅಂಬುಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅವಳು ಉಳೀಲಿ ಅಂತ ಹೊತ್ತ ಹರಕೆ ಕಣೇ ಅದು. ಈ ಕೈಯಾರೆ ತಿನ್ನಿಸಿದೆನಲ್ಲಾ!"

ಆಗತಾನೇ ಆಫೀಸಿನಿಂದ ಬಂದ ಕಮಲಾಕರ ಬಾಗಿಲಲ್ಲೇ ನಿಂತುಬಿಟ್ಟ. "ತಪ್ಪು ನಂದಮ್ಮ. ನಿನಗೆ ಬಿಡಿಸಿ ಹೇಳ್ಬೇಕಿತ್ತು" ಎಂದ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಹೇಳುವುದು ಸುಲಭ.

ಆ ಮನೆಯ ಅದೃಷ್ಟ, ಮಗು ಉಳಿಯಿತು. ಮೈ ತುಂಬಿಕೊಳ್ಳಲು ಬಹಳ ಕಾಲ ಹಿಡಿಯಿತು. ಈಗ ಶನಿವಾರದ ನೈವೇದ್ಯಕ್ಕೆ ಹೆಸರುಬೇಳೆ ಪಾಯಸ. ಮೊದಲ ದಿನ ಅಂಬುಜಮ್ಮ ಚಮಚ ಚಾಚಿದರೆ ನೀರಜಾ ಹಿಂದೆ ಸರಿದು ತಾಯಿಯ ಮುಖ ನೋಡಿದಳು. "ಅಮ್ಮಾ, ಪಾಟಿ ಕೊಡ್ತಾರೆ, ಸಾಪಿಡಲಾಮಾ?" ಅಜ್ಜಿ ಕೊಟ್ಟದ್ದನ್ನು ತಿನ್ನಬಹುದಾ ಎಂದು ತಮಿಳು ಬೆರೆಸಿ ಕೇಳಿದ್ದು! ಜಯಲಕ್ಷ್ಮೀ ಮಗುವನ್ನು ಗದರಹೋದಾಗ ಅಜ್ಜಿಯೇ ತಡೆದರು.

"ಕೇಳಲಿ ಬಿಡೇ" ಎಂದರು ಸೊಸೆಗೆ. "ಕೇಳಿಯೇ ತಿನ್ನಲಿ."

ತಾಯಂದಿರೇ, ಎಲ್ಲ ಭೇದಿಯೂ ಈ ಕಾಯಿಲೆಯಲ್ಲ. ನೀವಾಗಿಯೇ ಗೋಧಿ ಬಿಡಿಸಬೇಡಿ, ಡಾಕ್ಟರಿಗೆ ತೋರಿಸಿ. ಅವರು ಕೂಡದೆಂದರೆ ರವೆ, ಮೈದಾ, ಬಿಸ್ಕತ್ತು, ಬಾರ್ಲಿ ನೀರು ಯಾವುದೂ ಬೇಡ, ಚಿಟಿಕೆಯಷ್ಟೂ ಬೇಡ. ಮಗುವಿಗೆ ತುತ್ತು ಕೊಡುವ ಪ್ರತಿಯೊಂದು ಕೈಗೂ ಕಾರಣ ಬಿಡಿಸಿ ಹೇಳಿ. ಪ್ರೀತಿಯಿಂದ ಕೊಟ್ಟ ತುತ್ತು ಎಂದು ಕರುಳಿಗೆ ಗೊತ್ತಾಗುವುದಿಲ್ಲ.